ಕೊನೆಯ ಗದ್ದೆಗೆ ನೀರು ಮುಟ್ಟಿತೇ: ಟಾಸ್ಕ್ ಶೆಡ್ಯೂಲರ್ ಜೊತೆ ನಾಲ್ಕು ವರ್ಷ

ವಿಂಡೋಸ್ ಇರುವ ಪ್ರತಿ ಕಂಪ್ಯೂಟರಿನಲ್ಲೂ ಟಾಸ್ಕ್ ಶೆಡ್ಯೂಲರ್ ಎಂಬ ಉಪಕರಣ ಮೊದಲಿನಿಂದಲೇ ಇರುತ್ತದೆ. ಅದಕ್ಕೆ ಬೇರೆ ಹಣ ಕೊಡಬೇಕಿಲ್ಲ, ಎಲ್ಲಿಂದಲೂ ಇಳಿಸಿಕೊಳ್ಳಬೇಕಿಲ್ಲ. ಇಂಥ ಕೆಲಸವನ್ನು ಇಂಥ ಹೊತ್ತಿಗೆ ಮಾಡು ಎಂದು ಒಮ್ಮೆ ಹೇಳಿಟ್ಟರೆ ದಿನವೂ ತಾನೇ ಮಾಡುತ್ತದೆ. ದಾವಣಗೆರೆಯ ಎಪಿಎಂಸಿ ಪ್ರಾಂಗಣದ ಒಂದು ದಲ್ಲಾಳಿ ಮಂಡಿಯಲ್ಲಿ ಲೆಕ್ಕ ಬರೆಯುವ ನಾನು ಇದನ್ನು ನಾಲ್ಕು ವರ್ಷದಿಂದ ಬಳಸುತ್ತಿದ್ದೇನೆ. ಇದರ ಮೇಲೆ ನನಗೆ ವಿಶ್ವಾಸವಿದೆ. ಆ ವಿಶ್ವಾಸವನ್ನು ಎಲ್ಲಿಯವರೆಗೆ ಇಡಬಹುದು, ಎಲ್ಲಿಂದಾಚೆಗೆ ಇಡಬಾರದು ಎಂಬುದನ್ನು ಮಾತ್ರ ಕಷ್ಟಪಟ್ಟು ಕಲಿತೆ. ನನ್ನ ಹಾಗೆ ಸಣ್ಣ ಅಂಗಡಿಯ ಲೆಕ್ಕ ನೋಡಿಕೊಳ್ಳುವವರು ಅದೇ ಕಷ್ಟವನ್ನು ಮತ್ತೆ ಪಡಬಾರದೆಂದು ಬರೆಯುತ್ತಿದ್ದೇನೆ.

ನಮ್ಮದು ಮೆಕ್ಕೆಜೋಳ ಮತ್ತು ಭತ್ತದ ಮಂಡಿ. ಸುಗ್ಗಿಯ ದಿನಗಳಲ್ಲಿ ಬೆಳಿಗ್ಗೆ ಮೊದಲ ಟ್ರ್ಯಾಕ್ಟರ್ ಬಂದಾಗಿನಿಂದ ಸಂಜೆ ಕೊನೆಯ ಚೀಲ ತೂಕವಾಗುವವರೆಗೆ ರೈತರ ಹೆಸರು, ಊರು, ಚೀಲ, ತೂಕ, ದರ, ಹಮಾಲಿ, ಮುಂಗಡ ಎಲ್ಲವನ್ನೂ ನಾನು ಕಂಪ್ಯೂಟರಿಗೆ ಏರಿಸುತ್ತೇನೆ. ಒಂದು ಕುಟುಂಬ ನಾಲ್ಕು ತಿಂಗಳು ಹೊಲದಲ್ಲಿ ದುಡಿದದ್ದು ನನ್ನ ಪರದೆಯ ಮೇಲೆ ಒಂದೇ ಸಾಲಾಗಿ ಕಾಣುತ್ತದೆ. ಆ ಸಾಲು ಕಳೆದುಹೋದರೆ ಯಾರಿಗೆ ಎಷ್ಟು ಕೊಡಬೇಕು ಎಂಬುದು ಬಾಯಿಮಾತಿಗೆ ಬರುತ್ತದೆ, ಬಾಯಿಮಾತು ಜಗಳಕ್ಕೆ ಬರುತ್ತದೆ. ಅದಕ್ಕಾಗಿ ದಿನದ ಕೊನೆಗೆ ಲೆಕ್ಕದ ಫೋಲ್ಡರನ್ನು ಪೆನ್‌ಡ್ರೈವಿಗೆ ನಕಲು ಮಾಡಿ ಚೀಲದಲ್ಲಿಟ್ಟುಕೊಂಡು ನಿಟ್ಟುವಳ್ಳಿಯ ನಮ್ಮ ಮನೆಗೆ ಒಯ್ಯುವುದು ಎಷ್ಟೋ ವರ್ಷಗಳಿಂದ ನಡೆದಿತ್ತು. ನಮ್ಮ ತಾಯಿ ಆಸ್ಪತ್ರೆಯಲ್ಲಿದ್ದ ಹನ್ನೆರಡು ದಿನ ನಾನು ರಜೆಯಲ್ಲಿದ್ದೆ. ಹಿಂದಿರುಗಿ ನೋಡಿದಾಗ ಆ ಹನ್ನೆರಡು ದಿನವೂ ನಕಲು ಆಗಿರಲಿಲ್ಲ. ಯಾರನ್ನೂ ದೂರುವಂತಿರಲಿಲ್ಲ, ಯಾರಿಗೂ ನಾನು ಹೇಳಿಯೇ ಇರಲಿಲ್ಲ. ಒಬ್ಬರ ನೆನಪಿನ ಮೇಲೆ ನಿಂತ ಕೆಲಸ ಅವರು ಇಲ್ಲದ ದಿನ ನಿಂತುಹೋಗುತ್ತದೆ. ಆ ವಾರವೇ ಟಾಸ್ಕ್ ಶೆಡ್ಯೂಲರ್ ತೆರೆದೆ.

ತೆರೆದ ಕೂಡಲೇ ಹೆದರಬೇಡಿ. ಎಡಗಡೆ ಫೋಲ್ಡರುಗಳ ಮರ, ಮಧ್ಯದಲ್ಲಿ ನೂರಾರು ಅಪರಿಚಿತ ಹೆಸರುಗಳು. ಅವು ವಿಂಡೋಸ್ ತನ್ನ ಕೆಲಸಕ್ಕೆ ಇಟ್ಟುಕೊಂಡವು, ಅವುಗಳನ್ನು ಮುಟ್ಟಬಾರದು. ನಾನು ಮೊದಲು ಮಂಡಿಯ ಹೆಸರಿನಲ್ಲಿ ಬೇರೆ ಫೋಲ್ಡರ್ ಮಾಡಿಕೊಂಡೆ. ನಮ್ಮ ಕೆಲಸಗಳು ಅದರೊಳಗೆ ಮಾತ್ರ ಇರುತ್ತವೆ. ಹೊಸ ಕೆಲಸ ಬರೆಯುವಾಗ ಅದು ಕೇಳುವ ಮುಖ್ಯ ಪ್ರಶ್ನೆಗಳು ಮೂರು: ಯಾವಾಗ, ಏನನ್ನು, ಯಾವ ಷರತ್ತಿನ ಮೇಲೆ.

'ಯಾವಾಗ' ಎಂಬುದಕ್ಕೆ ಇಲ್ಲಿರುವ ವ್ಯವಸ್ಥೆಯನ್ನು ಬಾಯ್ತುಂಬ ಹೊಗಳುತ್ತೇನೆ. ದಿನವೂ, ವಾರಕ್ಕೊಮ್ಮೆ, ತಿಂಗಳಿಗೊಮ್ಮೆ ಎಂಬುವು ಎಲ್ಲ ಕಡೆ ಸಿಗುತ್ತವೆ. ಇದರಲ್ಲಿ 'ತಿಂಗಳ ಕೊನೆಯ ದಿನ' ಎಂದು ಬೇರೆಯಾಗಿ ಆರಿಸಬಹುದು. ಲೆಕ್ಕ ಬರೆಯುವವರಿಗೆ ಇದರ ಬೆಲೆ ಗೊತ್ತು. 31 ಎಂದು ಕೊಟ್ಟರೆ 30 ದಿನದ ತಿಂಗಳುಗಳಲ್ಲಿ ಕೆಲಸ ನಡೆಯುವುದೇ ಇಲ್ಲ, 28 ಎಂದು ಕೊಟ್ಟರೆ ಉಳಿದ ದಿನಗಳ ವ್ಯವಹಾರ ಹೊರಗುಳಿಯುತ್ತದೆ. 'ತಿಂಗಳ ಮೊದಲ ಸೋಮವಾರ' ಎಂಬುದನ್ನೂ ಎರಡು ಗುರುತು ಹಾಕಿ ಹೇಳಬಹುದು. ಗಡಿಯಾರವನ್ನು ಬಿಟ್ಟು ಘಟನೆಗೂ ಕೆಲಸವನ್ನು ಕಟ್ಟಬಹುದು: ಕಂಪ್ಯೂಟರ್ ಶುರುವಾದಾಗ, ಯಾರಾದರೂ ಲಾಗಿನ್ ಆದಾಗ, ಯಂತ್ರ ಸುಮ್ಮನೆ ಕೂತಿದ್ದಾಗ. ಅಮಾವಾಸ್ಯೆ ಮಾತ್ರ ಇದಕ್ಕೆ ತಿಳಿಯದು. ನಮ್ಮ ಮಂಡಿಯಲ್ಲಿ ಅಮಾವಾಸ್ಯೆಯ ದಿನ ತೂಕವಿಲ್ಲ, ಸಂಜೆ ಗದ್ದುಗೆಗೆ ಪೂಜೆ ಮಾಡಿ ಬಾಗಿಲು ಹಾಕುತ್ತೇವೆ. ಊರ ದೇವತೆ ದುಗ್ಗಮ್ಮನ ಜಾತ್ರೆ ಎರಡು ವರ್ಷಕ್ಕೊಮ್ಮೆ ಬರುತ್ತದೆ, 'ಎರಡು ವರ್ಷಕ್ಕೊಮ್ಮೆ' ಎಂದು ಆರಿಸುವ ಜಾಗವೂ ಇದರಲ್ಲಿಲ್ಲ. ಇಂಥವನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಕೆಂಪು ಶಾಯಿಯಿಂದ ಗುರುತು ಮಾಡುತ್ತೇನೆ. ಅದೇಕೆ ಬೇಕಾಯಿತು ಎಂಬುದು ಮುಂದೆ ತಿಳಿಯುತ್ತದೆ.

ಮಂಡಿಯ ಬಾಗಿಲು ಹಾಕುವುದು ಎಂಟು ಕಾಲಿಗೆ. ನಕಲಿನ ಕೆಲಸವನ್ನು ರಾತ್ರಿ 8.45ಕ್ಕೆ ಇಟ್ಟೆ. ನಕಲು ಮಾಡಲು ವಿಂಡೋಸಿನೊಳಗೇ ಇರುವ ರೋಬೋಕಾಪಿ ಎಂಬ ಆದೇಶ ಸಾಕಾಯಿತು. ಅದು ಬದಲಾದ ಫೈಲುಗಳನ್ನು ಮಾತ್ರ ಇನ್ನೊಂದು ಡಿಸ್ಕಿಗೆ ಒಯ್ಯುತ್ತದೆ. ಹತ್ತು ನಿಮಿಷದಲ್ಲಿ ಎಲ್ಲ ಸಿದ್ಧವಾಯಿತು. ಅಂದು ರಾತ್ರಿ ಚೀಲದಲ್ಲಿ ಪೆನ್‌ಡ್ರೈವ್ ಇಲ್ಲದೆ ಮನೆಗೆ ನಡೆದದ್ದು ನನಗಿನ್ನೂ ನೆನಪಿದೆ. ಹೆಗಲು ನಿಜವಾಗಿಯೂ ಹಗುರವಾಗಿತ್ತು.

ಈಗ ಷರತ್ತುಗಳ ಪುಟದ ವಿಷಯ. ಹೊಸದಾಗಿ ಬಳಸುವವರು ಮೊದಲು ತೆರೆಯಬೇಕಾದ ಪುಟ ಇದು, ಬಹಳ ಮಂದಿ ತೆರೆಯದೇ ಬಿಡುವ ಪುಟವೂ ಇದೇ. 'ವಿದ್ಯುತ್ ಸಂಪರ್ಕ ಇದ್ದಾಗ ಮಾತ್ರ ಕೆಲಸ ಆರಂಭಿಸು' ಎಂಬ ಗುರುತು ಅಲ್ಲಿ ಮೊದಲಿಂದಲೇ ಬಿದ್ದಿರುತ್ತದೆ. ಲ್ಯಾಪ್‌ಟಾಪಿನ ಬ್ಯಾಟರಿ ಉಳಿಯಲಿ ಎಂದು ಮಾಡಿದ ಏರ್ಪಾಡು, ಲ್ಯಾಪ್‌ಟಾಪಿಗೆ ಅದು ಸರಿ. ಮಂಡಿಯಲ್ಲಿರುವುದು ಮೇಜಿನ ಕಂಪ್ಯೂಟರ್, ಅದಕ್ಕೊಂದು ಯುಪಿಎಸ್. ಯುಪಿಎಸ್‌ನಿಂದ ಒಂದು ಯುಎಸ್‌ಬಿ ತಂತಿ ಕಂಪ್ಯೂಟರಿಗೆ ಸೇರಿತ್ತು. ಆ ತಂತಿ ಇದ್ದರೆ ವಿಂಡೋಸ್ ಯುಪಿಎಸ್ಸನ್ನು ಬ್ಯಾಟರಿ ಎಂದೇ ಎಣಿಸುತ್ತದೆ. ಬೇಸಿಗೆಯಲ್ಲಿ ರಾತ್ರಿ ಎಂಟರಿಂದ ಒಂಬತ್ತರ ನಡುವೆ ಕರೆಂಟ್ ಹೋದ ದಿನ ಕಂಪ್ಯೂಟರ್ ಯುಪಿಎಸ್ ಮೇಲೆ ಚೆನ್ನಾಗಿಯೇ ನಡೆಯುತ್ತಿತ್ತು, ಕೆಲಸ ಮಾತ್ರ ಆರಂಭವಾಗುತ್ತಿರಲಿಲ್ಲ. ಆ ಪುಟ ನೋಡದೇ ಬಿಟ್ಟದ್ದು ನನ್ನ ತಪ್ಪು. ಗುರುತು ತೆಗೆದೆ, ಸರಿಹೋಯಿತು. ಪಕ್ಕದ ಪುಟದಲ್ಲಿ 'ನಿಗದಿತ ಹೊತ್ತು ತಪ್ಪಿದರೆ ಸಾಧ್ಯವಾದಷ್ಟು ಬೇಗ ನಡೆಸು' ಎಂಬ ಇನ್ನೊಂದು ಗುರುತಿದೆ. ಅದು ಮೊದಲಿಗೆ ಖಾಲಿಯಾಗಿರುತ್ತದೆ, ಅದನ್ನು ಹಾಕಿಕೊಳ್ಳಬೇಕು. ನಮ್ಮ ಊರುಗಳಲ್ಲಿ ಈ ಎರಡು ಗುರುತುಗಳನ್ನು ತಿರುವು ಮುರುವು ಮಾಡದೆ ಯಾವ ಕೆಲಸವನ್ನೂ ಉಳಿಸಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ.

ಪಾಸ್‌ವರ್ಡಿನ ಬಗ್ಗೆ ಒಂದು ಮಾತು. ಯಾರೂ ಲಾಗಿನ್ ಆಗದಿದ್ದರೂ ಕೆಲಸ ನಡೆಯಲಿ ಎಂದರೆ ಅದು ಪಾಸ್‌ವರ್ಡ್ ಕೇಳಿ ಇಟ್ಟುಕೊಳ್ಳುತ್ತದೆ. ದಿನಾ ಒತ್ತುವ ನಾಲ್ಕಂಕಿಯ ಪಿನ್ ಅಲ್ಲಿ ನಡೆಯುವುದಿಲ್ಲ. ಮುಂದೆ ಪಾಸ್‌ವರ್ಡ್ ಬದಲಾಯಿಸಿದರೆ ಇಲ್ಲಿಯೂ ಹೊಸದನ್ನು ಕೊಡಬೇಕು, ಕೊಡದಿದ್ದರೆ ಅಂದಿನಿಂದ ಕೆಲಸ ನಿಲ್ಲುತ್ತದೆ. ಹಾಗೆಯೇ ಬಲಗಡೆ 'ಎಲ್ಲ ಕೆಲಸಗಳ ಇತಿಹಾಸ' ಎಂಬುದನ್ನು ಒಮ್ಮೆ ಒತ್ತಿ ಚಾಲೂ ಮಾಡಿಕೊಳ್ಳಿ. ನಮ್ಮ ಕಂಪ್ಯೂಟರಿನಲ್ಲಿ ಅದು ನಿಂತೇ ಇತ್ತು. ಏನಾದರೂ ತಪ್ಪಿದಾಗ ಹಿಂದಿನದನ್ನು ನೋಡಲು ಅದೊಂದೇ ದಾರಿ.

ಇನ್ನು, ನಾನು ಈ ವಿಮರ್ಶೆ ಬರೆಯಲು ಕಾರಣವಾದ ಸಂಗತಿ.

ಪ್ರತಿ ಕೆಲಸದ ಮುಂದೆ 'ಕಳೆದ ಬಾರಿಯ ಫಲಿತಾಂಶ' ಎಂಬ ಒಂದು ಅಂಕಣವಿದೆ. ಕೆಲಸ ಸರಿಯಾಗಿ ಮುಗಿದರೆ '0ಎಕ್ಸ್0' ಎಂಬ ಸಂಕೇತದ ಜೊತೆ 'ಕಾರ್ಯ ಯಶಸ್ವಿಯಾಗಿ ಮುಗಿಯಿತು' ಎಂಬ ಅರ್ಥದ ಇಂಗ್ಲಿಷ್ ವಾಕ್ಯ ಕಾಣುತ್ತದೆ. ನನ್ನ ಕೆಲಸದ ಮುಂದೆ ಮೊದಲ ರಾತ್ರಿಯಿಂದಲೂ ಕಂಡದ್ದು '0ಎಕ್ಸ್1', ಅದರ ಪಕ್ಕದಲ್ಲಿ 'ತಪ್ಪು ಕ್ರಿಯೆ' ಎಂಬ ಅರ್ಥದ ಮಾತು. ಗಾಬರಿಯಾಗಿ ನಕಲಿನ ಡಿಸ್ಕ್ ತೆರೆದು ನೋಡಿದರೆ ಫೈಲುಗಳೆಲ್ಲ ಬಂದಿದ್ದವು, ದಿನಾಂಕವೂ ಸರಿಯಾಗಿತ್ತು. ಒಂದು ವಾರ ದಿನವೂ ಪರೀಕ್ಷಿಸಿದೆ, ದಿನವೂ ಬಂದಿದ್ದವು. ಫೈಲು ಬರುತ್ತಿರುವಾಗ ಆ ಒಂದು ಮಾತಿಗೆ ಏಕೆ ತಲೆಕೆಡಿಸಿಕೊಳ್ಳಬೇಕು ಎಂದು ಸುಮ್ಮನಾದೆ. ಸುಮ್ಮನಾದರೂ ಆ 'ತಪ್ಪು' ಎಂಬ ಪದ ಕಣ್ಣಿಗೆ ಬಿದ್ದಾಗಲೆಲ್ಲ ಚುಚ್ಚುತ್ತಿತ್ತು.

ಮಾರ್ಚ್ 31ಕ್ಕೆ ವರ್ಷದ ಲೆಕ್ಕ ಮುಗಿಸಿ, ಏಪ್ರಿಲ್ 1ರಿಂದ ಹೊಸ ವರ್ಷದ ಲೆಕ್ಕವನ್ನು ಹೊಸ ಫೋಲ್ಡರಿನಲ್ಲಿ ತೆರೆಯುವುದು ನಮ್ಮ ಮಂಡಿಯ ರೂಢಿ. ಆ ವರ್ಷವೂ ಹಾಗೇ ಮಾಡಿದೆ. ಏಪ್ರಿಲ್ ಮೊದಲ ವಾರದಲ್ಲಿ ಒಮ್ಮೆ ಟಾಸ್ಕ್ ಶೆಡ್ಯೂಲರ್ ತೆರೆದಾಗ ಆಶ್ಚರ್ಯ ಕಾದಿತ್ತು. 'ತಪ್ಪು ಕ್ರಿಯೆ' ಮಾಯವಾಗಿ '0ಎಕ್ಸ್0, ಯಶಸ್ವಿಯಾಗಿ ಮುಗಿಯಿತು' ಎಂದು ಬಂದಿತ್ತು. ಇಷ್ಟು ದಿನದ ದೋಷ ಯಾವುದೋ ಅಪ್‌ಡೇಟಿನಲ್ಲಿ ತಾನಾಗಿ ಸರಿಹೋಯಿತು ಎಂದುಕೊಂಡೆ. ಸಂತೋಷವಾಯಿತು. ಆಮೇಲೆ ಆ ಪುಟವನ್ನು ತೆರೆಯುವುದನ್ನೇ ಬಿಟ್ಟೆ.

ರೋಬೋಕಾಪಿ ತನ್ನ ಕೆಲಸ ಮುಗಿಸಿದಾಗ ಒಂದು ಅಂಕಿಯನ್ನು ಹಿಂದಿರುಗಿಸುತ್ತದೆ. ಆ ಅಂಕಿಗಳ ಅರ್ಥ ಉಳಿದ ಕಾರ್ಯಕ್ರಮಗಳ ಹಾಗಿಲ್ಲ. 1 ಎಂದರೆ ಫೈಲುಗಳು ನಕಲಾದವು, ಎಲ್ಲ ಚೆನ್ನಾಗಿದೆ. 0 ಎಂದರೆ ನಕಲು ಮಾಡುವಂಥದ್ದು ಏನೂ ಇರಲಿಲ್ಲ. 8 ಮತ್ತು ಅದಕ್ಕಿಂತ ಮೇಲಿನದು ಬಂದರೆ ಮಾತ್ರ ಕೆಲವಾದರೂ ಫೈಲುಗಳು ನಕಲಾಗಲಿಲ್ಲ ಎಂದರ್ಥ. ಟಾಸ್ಕ್ ಶೆಡ್ಯೂಲರಿಗೆ ಇದು ತಿಳಿಯದು. ಅದು ಯಾವ ಕಾರ್ಯಕ್ರಮದಿಂದಲೇ ಆಗಲಿ 0 ಬಂದರೆ ಯಶಸ್ಸು ಎಂದೂ 1 ಬಂದರೆ ತಪ್ಪು ಎಂದೂ ವಿಂಡೋಸಿನ ಸಾಮಾನ್ಯ ಪಟ್ಟಿ ನೋಡಿ ಹೇಳುತ್ತದೆ. ನವೆಂಬರಿನಿಂದ ಮಾರ್ಚ್‌ವರೆಗೆ ನನಗೆ ಕಂಡ 'ತಪ್ಪು', ದಿನದ ಲೆಕ್ಕ ಸುರಕ್ಷಿತವಾಗಿ ಬಂದು ಸೇರಿದ ಸುದ್ದಿಯಾಗಿತ್ತು. ಏಪ್ರಿಲಿನಿಂದ ಕಂಡ 'ಯಶಸ್ಸು', ಮುಗಿದ ವರ್ಷದ ಹಳೆಯ ಫೋಲ್ಡರನ್ನೇ ರಾತ್ರಿ ರಾತ್ರಿ ತೆರೆದು ನೋಡಿ, ಹೊಸದೇನೂ ಇಲ್ಲವೆಂದು ಬರಿಗೈಯಲ್ಲಿ ಹಿಂದಿರುಗಿದ ಸುದ್ದಿ. ಹೊಸ ಫೋಲ್ಡರಿನ ಹೆಸರನ್ನು ನಾನು ಕೆಲಸದೊಳಗೆ ಬರೆದಿರಲೇ ಇಲ್ಲ.

ಜೂನ್ 10ರ ಬೆಳಿಗ್ಗೆ ಕಂಪ್ಯೂಟರ್ ಏಳಲಿಲ್ಲ. ಒಳಗಿನ ಡಿಸ್ಕ್ ಹೋಗಿತ್ತು. ದುರಸ್ತಿಯವರು ಹೊಸ ಡಿಸ್ಕ್ ಹಾಕಿ, ನಕಲು ಇದೆಯೇ ಎಂದು ಕೇಳಿದಾಗ ಇದೆ ಎಂದು ಧೈರ್ಯವಾಗಿಯೇ ಹೇಳಿದೆ. ತೆರೆದೆವು. ಲೆಕ್ಕ ಮಾರ್ಚ್ 31ಕ್ಕೆ ನಿಂತಿತ್ತು. ಮಧ್ಯದಲ್ಲಿ ಬೇಸಿಗೆ ಭತ್ತದ ಇಡೀ ಸುಗ್ಗಿ ಬಂದು ಹೋಗಿತ್ತು.

ಎಪ್ಪತ್ತು ದಿನ. ಉಳಿಸಿದ್ದು ಕಾಗದ. ರೈತರಿಗೆ ಕೊಡುವ ಲೆಕ್ಕದ ಪಟ್ಟಿಯ ಕಾರ್ಬನ್ ಪ್ರತಿಗಳನ್ನು ನಮ್ಮ ಮಾಲೀಕರು ಕಟ್ಟು ಕಟ್ಟಿ ಅಟ್ಟದ ಮೇಲೆ ಇಡಿಸುತ್ತಿದ್ದರು. ಕಂಪ್ಯೂಟರ್ ಬಂದ ಮೇಲೆ ಇದೇಕೆ ಎಂದು ನಾನೇ ಎರಡು ಬಾರಿ ಕೇಳಿದ್ದೆ. ಮಾಲೀಕರ ಸೊಸೆಯೂ ನಾನೂ ಮಂಡಿಯ ಬಾಗಿಲು ಹಾಕಿದ ಮೇಲೆ ಕೂತು ಒಂಬತ್ತು ರಾತ್ರಿ ಎಲ್ಲವನ್ನೂ ಮತ್ತೆ ಏರಿಸಿದೆವು. ಆಕೆ ಓದುವುದು, ನಾನು ಒತ್ತುವುದು. ಮೂರು ಪಟ್ಟಿಗಳನ್ನು ಓದಲಾಗಲಿಲ್ಲ, ಅಟ್ಟದ ಮೇಲೆ ನೀರು ಸೋರಿ ಶಾಯಿ ಹರಡಿತ್ತು. ಆ ಮೂವರು ರೈತರಿಗೆ ಫೋನ್ ಮಾಡಿದೆವು. ಮೂವರೂ ತಮ್ಮ ಪ್ರತಿಗಳನ್ನು ತಂದು ತೋರಿಸಿದರು. ಒಬ್ಬರು ಅದನ್ನು ದೇವರ ಮನೆಯ ಪಂಚಾಂಗದೊಳಗೆ ಮಡಚಿಟ್ಟಿದ್ದರು. ಒಂದು ರೂಪಾಯಿಯ ವ್ಯತ್ಯಾಸವೂ ಬರಲಿಲ್ಲ. ಆ ಮೂವರಿಗೆ ನಾನು ಋಣಿ.

ಆ ಒಂಬತ್ತು ರಾತ್ರಿಗಳಲ್ಲಿ ನಮ್ಮ ತಂದೆ ಬಹಳ ನೆನಪಾದರು. ಅವರು ಚನ್ನಗಿರಿ ತಾಲ್ಲೂಕಿನ ಸೂಳೆಕೆರೆಯ ಅಚ್ಚುಕಟ್ಟಿನ ಒಂದು ಊರಿನಲ್ಲಿ ನೀರಗಂಟಿಯಾಗಿದ್ದರು. ಈಗ ಶಾಂತಿಸಾಗರ ಎಂದೂ ಕರೆಯುವ ಆ ಕೆರೆಯ ನೀರನ್ನು ಯಾರ ಗದ್ದೆಗೆ ಯಾವ ಹೊತ್ತಿಗೆ ಬಿಡಬೇಕು ಎಂಬ ಸರದಿ ಅವರ ಕೈಯಲ್ಲಿತ್ತು. ನೀರು ಬಿಟ್ಟ ಮೇಲೆ ಅವರು ನೇರವಾಗಿ ಮನೆಗೆ ಬರುತ್ತಿರಲಿಲ್ಲ. ಕಾಲುವೆಯ ಏರಿ ಹಿಡಿದು ಕೊನೆಯ ಗದ್ದೆಯ ಬದುವಿನವರೆಗೆ ನಡೆಯುತ್ತಿದ್ದರು. ದಾರಿಯಲ್ಲಿ ಏಡಿ ಕೊರೆದ ಬಿಲವಿರಬಹುದು, ಯಾರೋ ಮಣ್ಣು ಕಡಿದು ತಮ್ಮ ಕಡೆಗೆ ತಿರುಗಿಸಿಕೊಂಡಿರಬಹುದು. ಕೊನೆಯ ಮಡಿಯಲ್ಲಿ ಪಾದ ನೆನೆದ ಮೇಲೆಯೇ ಹಿಂದಿರುಗುತ್ತಿದ್ದರು. ಯಾರಾದರೂ ನೀರಿನ ಸಮಯ ಕೇಳಿದರೆ ಅವರು ಹೇಳುತ್ತಿದ್ದದ್ದು ಕೊನೆಯ ಗದ್ದೆಗೆ ನೀರು ಮುಟ್ಟಿದ ಸಮಯವನ್ನು. ಭದ್ರಾ ನಾಲೆಯ ಕೊನೆಯಂಚಿನಲ್ಲಿ ಗದ್ದೆ ಇರುವ ನಮ್ಮ ಗಿರಾಕಿ ರೈತರಿಗೆ ಈ ಮಾತನ್ನು ವಿವರಿಸಬೇಕಾಗಿಲ್ಲ.

ಟಾಸ್ಕ್ ಶೆಡ್ಯೂಲರ್ ಹೇಳುವುದು ತೂಬು ಎತ್ತಿದ ಸಮಯವನ್ನು. ಎತ್ತುವುದರಲ್ಲಿ ಅದು ಎಂದೂ ತಪ್ಪಿಲ್ಲ. ಎಪ್ಪತ್ತು ರಾತ್ರಿಯೂ 8.45ಕ್ಕೆ ಸರಿಯಾಗಿ ಎತ್ತಿತ್ತು. ಗದ್ದೆಯವರೆಗೆ ನಡೆಯುವ ಕೆಲಸವನ್ನು ನಾವೇ ಸೇರಿಸಿಕೊಳ್ಳಬೇಕು.

ನಾನು ಸೇರಿಸಿಕೊಂಡದ್ದು ಹೀಗೆ. ಬೆಳಿಗ್ಗೆ ನಾನು ಲಾಗಿನ್ ಆದ ಕೂಡಲೇ ಎರಡನೆಯ ಕೆಲಸವೊಂದು ನಡೆಯುತ್ತದೆ. ಅದು ಮಂಡಿಯ ಕಂಪ್ಯೂಟರನ್ನು ನೋಡುವುದಿಲ್ಲ, ನಕಲಿನ ಡಿಸ್ಕಿಗೆ ಹೋಗಿ ಅಲ್ಲಿರುವ ಎಲ್ಲಕ್ಕಿಂತ ಹೊಸ ಫೈಲಿನ ಹೆಸರು, ದಿನಾಂಕ, ಗಾತ್ರ, ಒಟ್ಟು ಫೈಲುಗಳ ಎಣಿಕೆ ಇಷ್ಟನ್ನು ಬರೆದು ನೋಟ್‌ಪ್ಯಾಡಿನಲ್ಲಿ ತೆರೆದು ತೋರಿಸುತ್ತದೆ. ನಾನು ಅದನ್ನು ಕೈಬರಹದಲ್ಲಿ ಒಂದು ಪುಸ್ತಕಕ್ಕೆ ಇಳಿಸುತ್ತೇನೆ. ಒಂದು ನಿಮಿಷದ ಕೆಲಸ. ನಿನ್ನೆಯ ದಿನಾಂಕ ಇಲ್ಲದಿದ್ದರೆ ಗೋಡೆಯ ಕ್ಯಾಲೆಂಡರ್ ನೋಡುತ್ತೇನೆ. ಕೆಂಪು ಶಾಯಿಯ ಗುರುತಿದ್ದರೆ ಸರಿ, ಇಲ್ಲದಿದ್ದರೆ ಏನೋ ತಪ್ಪಿದೆ. ಪರದೆಯ ಮೇಲೆ ಆ ಪುಟ ತೆರೆಯದೇ ಇದ್ದರೂ ಏನೋ ತಪ್ಪಿದೆ. ಹಿಂದೆ ತಪ್ಪು ಆದಾಗ ಮೌನವಿರುತ್ತಿತ್ತು, ಸರಿಯಾದಾಗಲೂ ಮೌನವೇ. ಈಗ ಸರಿಯಾದ ದಿನ ಒಂದು ಪುಟ ಬಂದೇ ಬರುತ್ತದೆ, ಆದ್ದರಿಂದ ಮೌನಕ್ಕೆ ಒಂದೇ ಅರ್ಥ ಉಳಿದಿದೆ.

ತಿಂಗಳ ಮೊದಲ ಸೋಮವಾರ ಮೂರನೆಯದೊಂದು ಪುಟ ತೆರೆದು ನನಗೆ ನೆನಪಿಸುತ್ತದೆ: ನಕಲನ್ನು ಬೇರೆ ಕಂಪ್ಯೂಟರಿನಲ್ಲಿ ತೆರೆದು, ಯಾವುದಾದರೂ ಮೂವರು ರೈತರ ಲೆಕ್ಕವನ್ನು ಕಾಗದದ ಪಟ್ಟಿಯೊಂದಿಗೆ ಹೋಲಿಸು. ಮಾಲೀಕರ ಮನೆಯ ಲ್ಯಾಪ್‌ಟಾಪಿನಲ್ಲಿ ಇದನ್ನು ಮಾಡುತ್ತೇನೆ. ತೆರೆದು ನೋಡದ ನಕಲನ್ನು ನಾನೀಗ ನಕಲೆಂದು ಲೆಕ್ಕಕ್ಕೆ ಹಿಡಿಯುವುದಿಲ್ಲ.

ಇಲ್ಲೊಂದು ಕೊರತೆಯನ್ನು ಹೇಳಲೇಬೇಕು. ಕೆಲಸದ ಪಟ್ಟಿಯಲ್ಲಿ 'ಇಮೇಲ್ ಕಳುಹಿಸು', 'ಸಂದೇಶ ತೋರಿಸು' ಎಂಬ ಎರಡು ಆಯ್ಕೆಗಳು ಈಗಲೂ ಕಾಣುತ್ತವೆ, ಪಕ್ಕದಲ್ಲಿ ಇವನ್ನು ಕೈಬಿಡಲಾಗಿದೆ ಎಂಬ ಸೂಚನೆಯಿದೆ. ವಿಂಡೋಸ್ 8ರ ಕಾಲದಿಂದ ಹೀಗೆಯೇ ಇದೆ. ಸಣ್ಣ ಅಂಗಡಿಗಳಿಗೆ ಅತ್ಯಂತ ಬೇಕಾದ ಎರಡು ಸೌಲಭ್ಯಗಳೇ ಅವು. ನೋಟ್‌ಪ್ಯಾಡ್ ತೆರೆಸುವ ನನ್ನ ದಾರಿ ಆ ಕಾರಣಕ್ಕೆ ಹುಟ್ಟಿದ್ದು.

ವಿದ್ಯಾನಗರದ ಒಂದು ಮಹಿಳಾ ವಸತಿನಿಲಯದ ಲೆಕ್ಕವನ್ನೂ ನಾನು ಭಾನುವಾರ ನೋಡಿಕೊಡುತ್ತೇನೆ. ಅಲ್ಲಿ ವಿಂಡೋಸ್ ಬದಲು ಉಬುಂಟು ಎಂಬ ಲಿನಕ್ಸ್ ಇರುವ ಹಳೆಯ ಕಂಪ್ಯೂಟರ್. ಅದರಲ್ಲಿ ಇದೇ ಕೆಲಸಕ್ಕೆ ಕ್ರಾನ್ ಇದೆ. ಎಂಜಿನಿಯರಿಂಗ್ ಓದುವ ಒಬ್ಬ ಹುಡುಗಿ ಅದನ್ನು ನನಗೆ ಒಂದು ಮಧ್ಯಾಹ್ನ ಕೂತು ಕಲಿಸಿದಳು. ಹೋಲಿಸದೆ ಬಿಟ್ಟರೆ ವಿಮರ್ಶೆ ಅರ್ಧವಾಗುತ್ತದೆ.

ಕ್ರಾನ್ ಬಹಳ ಹಿರಿಯದು. 1979ರ ಯುನಿಕ್ಸ್ ಏಳನೆಯ ಆವೃತ್ತಿಯಲ್ಲೇ ಅದಿತ್ತು. ಈಗ ಲಿನಕ್ಸಿನಲ್ಲಿ ಹೆಚ್ಚಾಗಿ ಕಾಣುವ ರೂಪ, ಪಾಲ್ ವಿಕ್ಸಿ ಎಂಬುವರು 1987ರಲ್ಲಿ ಬರೆದದ್ದರಿಂದ ಬಂದಿದೆ. ಪುಟಗಳಿಲ್ಲ, ಗುಂಡಿಗಳಿಲ್ಲ. ಒಂದು ಕೆಲಸಕ್ಕೆ ಒಂದು ಸಾಲು. ಸಾಲಿನ ಮೊದಲು ಐದು ಜಾಗ: ನಿಮಿಷ, ಗಂಟೆ, ತಾರೀಕು, ತಿಂಗಳು, ವಾರ. ಯಾವುದಾದರೂ ಆಗಲಿ ಎಂಬಲ್ಲಿ ನಕ್ಷತ್ರ ಚಿಹ್ನೆ. '30 21 * * 1-6' ಎಂದರೆ ಸೋಮವಾರದಿಂದ ಶನಿವಾರದವರೆಗೆ ರಾತ್ರಿ ಒಂಬತ್ತೂವರೆಗೆ. ಭಾನುವಾರವನ್ನು 0 ಎಂದೂ ಬರೆಯಬಹುದು, 7 ಎಂದೂ ಬರೆಯಬಹುದು. ಇಡೀ ವಸತಿನಿಲಯದ ವೇಳಾಪಟ್ಟಿ ಆರು ಸಾಲಿನಲ್ಲಿ ಮುಗಿದಿದೆ. ಅದನ್ನು ಮುದ್ರಿಸಿ ಬೀರುವಿನ ಬಾಗಿಲಿನ ಒಳಬದಿಗೆ ಅಂಟಿಸಿದ್ದೇನೆ. ನನ್ನ ನಂತರ ಬರುವವರು ಅದನ್ನು ಓದಿ ತಿಳಿಯಬಹುದು. ಟಾಸ್ಕ್ ಶೆಡ್ಯೂಲರಿನಲ್ಲಿ ಅದೇ ತಿಳಿಯಬೇಕೆಂದರೆ ಪ್ರತಿ ಕೆಲಸದ ಐದು ಪುಟಗಳನ್ನು ಒಂದೊಂದಾಗಿ ತೆರೆಯಬೇಕು. ಈ ಒಂದು ಗುಣದಲ್ಲಿ ಕ್ರಾನ್ ಎಷ್ಟೋ ಮೇಲು.

ಅದರ ಕಠಿಣತೆಯೂ ಅಲ್ಲೇ ಇದೆ. ತಿಂಗಳ ಮೊದಲ ಸೋಮವಾರ ಬಾಕಿ ಪಟ್ಟಿ ಮುದ್ರಣವಾಗಲಿ ಎಂದು ತಾರೀಕಿನ ಜಾಗದಲ್ಲಿ 1-7, ವಾರದ ಜಾಗದಲ್ಲಿ 1 ಬರೆದೆ. ಎರಡೂ ಕೂಡಿದ ದಿನ ನಡೆಯುತ್ತದೆ ಎಂದು ಯಾರಾದರೂ ಭಾವಿಸುತ್ತಾರೆ. ಕ್ರಾನ್‌ನ ನಿಯಮ ಬೇರೆ: ತಾರೀಕು ಮತ್ತು ವಾರ ಎರಡನ್ನೂ ಕೊಟ್ಟರೆ ಯಾವುದಾದರೂ ಒಂದು ಕೂಡಿದರೆ ಸಾಕು. ತಿಂಗಳ ಮೊದಲ ಏಳು ದಿನವೂ, ಆಮೇಲೆ ಪ್ರತಿ ಸೋಮವಾರವೂ ಬಾಕಿ ಪಟ್ಟಿ ಮುದ್ರಣವಾಗಿ ಸೂಚನಾ ಫಲಕಕ್ಕೆ ಹೋಯಿತು. ಹಣ ಕಟ್ಟಿದ ಹುಡುಗಿಯರ ಹೆಸರೂ ಹಳೆಯ ಪಟ್ಟಿಯಲ್ಲಿ ಉಳಿದು ಅವರಿಗೆ ಬೇಸರವಾಯಿತು. ಅವರಲ್ಲಿ ಒಬ್ಬೊಬ್ಬರನ್ನೂ ಕಂಡು ಕ್ಷಮೆ ಕೇಳಿದೆ. ತಿಂಗಳ ಕೊನೆಯ ದಿನ ಎಂದು ಹೇಳುವ ನೇರ ಮಾರ್ಗವೂ ಇಲ್ಲ. 28ರಿಂದ 31ರವರೆಗೆ ದಿನವೂ ಎದ್ದು, ನಾಳೆಯ ತಾರೀಕು 1 ಆದರೆ ಮಾತ್ರ ಮುಂದುವರಿ ಎಂದು ಬರೆಯಬೇಕು. ಹಾಗೆ ಬರೆಯುವಾಗ ಶೇಕಡಾ ಚಿಹ್ನೆ ಬಂದರೆ ಕ್ರಾನ್ ಅದನ್ನು ಸಾಲಿನ ಮುರಿವು ಎಂದು ತಿಳಿಯುತ್ತದೆ, ಆ ಚಿಹ್ನೆಗಿಂತ ಮೊದಲು ಹಿಮ್ಮುಖ ಓರೆಗೆರೆ (\) ಹಾಕಬೇಕು. ಇನ್ನು, ಕ್ರಾನ್‌ಟ್ಯಾಬ್ ಆದೇಶದ ಜೊತೆ 'ಇ' ಅಕ್ಷರ ಒತ್ತಿದರೆ ಪಟ್ಟಿ ತಿದ್ದಲು ತೆರೆಯುತ್ತದೆ, 'ಆರ್' ಒತ್ತಿದರೆ ಪೂರ್ತಿ ಪಟ್ಟಿ ಅಳಿಸಿಹೋಗುತ್ತದೆ. ಕೀಲಿಮಣೆಯ ಮೇಲೆ ಇವೆರಡೂ ಅಕ್ಕಪಕ್ಕದ ಅಕ್ಷರಗಳು. ಬೀರುವಿನ ಬಾಗಿಲಿಗೆ ಅಂಟಿಸಿದ ಕಾಗದಕ್ಕೆ ಇದು ಇನ್ನೊಂದು ಕಾರಣ.

ಕಂಪ್ಯೂಟರ್ ಆರಿದ್ದಾಗ ತಪ್ಪಿದ ಕೆಲಸವನ್ನು ಕ್ರಾನ್ ಆಮೇಲೆ ಹುಡುಕಿ ಮಾಡುವುದಿಲ್ಲ. ಅದಕ್ಕೆ ಅನಾಕ್ರಾನ್ ಎಂಬ ಜೊತೆಗಾರ ಬೇಕು, ಅಥವಾ ಹೊಸ ಲಿನಕ್ಸ್‌ಗಳಲ್ಲಿರುವ ಸಿಸ್ಟಮ್‌ಡಿ ಟೈಮರ್ ಬಳಸಿ 'ಪರ್ಸಿಸ್ಟೆಂಟ್' ಎಂಬುದನ್ನು ಚಾಲೂ ಮಾಡಬೇಕು. ವಸತಿನಿಲಯದ ಯಂತ್ರ ಹಗಲು ರಾತ್ರಿ ನಡೆಯುವುದರಿಂದ ನಮಗೆ ಅದರ ಅಗತ್ಯ ಬೀಳಲಿಲ್ಲ. ಕೆಲಸ ತಪ್ಪಿದಾಗ ಕ್ರಾನ್ ಬರೆಯುವ ಅಂಚೆಯ ಕಥೆಯನ್ನು ಮಾತ್ರ ತಿಳಿದಿರಬೇಕು. ಕೆಲಸದ ಮಾತುಗಳನ್ನು ಅದು ಯಂತ್ರದೊಳಗಿನ ಅಂಚೆಗೆ ಹಾಕಲು ನೋಡುತ್ತದೆ. ಅಂಚೆಯ ವ್ಯವಸ್ಥೆಯನ್ನೇ ಹಾಕಿರದ ಯಂತ್ರದಲ್ಲಿ ಆ ಮಾತುಗಳನ್ನು ಬಿಸಾಡಿ, ಬಿಸಾಡಿದೆ ಎಂದು ದಾಖಲೆಯಲ್ಲಿ ಒಂದು ಸಾಲು ಬರೆದು ಸುಮ್ಮನಾಗುತ್ತದೆ. ಅಲ್ಲಿಯೂ ಅದೇ ಮೌನ. ಹಾಗಾಗಿ ವಸತಿನಿಲಯದಲ್ಲಿ ಹೆಲ್ತ್‌ಚೆಕ್ಸ್ ಎಂಬ ಸೇವೆಯನ್ನು ಸೇರಿಸಿದೆವು. ಕೆಲಸ ಮುಗಿದಾಗ ನಮ್ಮ ಯಂತ್ರ ಅಂತರ್ಜಾಲದ ಒಂದು ವಿಳಾಸದ ಬಾಗಿಲು ತಟ್ಟುತ್ತದೆ. ಹೇಳಿದ ಹೊತ್ತಿನೊಳಗೆ ತಟ್ಟಿದ ಸದ್ದು ಕೇಳದಿದ್ದರೆ ಆ ಸೇವೆ ನನಗೆ ಇಮೇಲ್ ಕಳುಹಿಸುತ್ತದೆ. ಕರೆಂಟ್ ಇಲ್ಲದೆ ಇಡೀ ಯಂತ್ರವೇ ಆರಿಹೋಗಿದ್ದರೂ ಸುದ್ದಿ ಬರುತ್ತದೆ, ಏಕೆಂದರೆ ಎದುರು ನೋಡುವವರು ಹೊರಗಿದ್ದಾರೆ. ಇದು ನನಗೆ ಬಹಳ ಹಿಡಿಸಿತು. ಮಂಡಿಗೂ ತರಬೇಕೆಂದಿದ್ದೇನೆ.

ಅಂಕ ಕೊಡಬೇಕಾದರೆ ಟಾಸ್ಕ್ ಶೆಡ್ಯೂಲರಿಗೆ ಐದಕ್ಕೆ ನಾಲ್ಕು ಕೊಡುತ್ತೇನೆ. ಹೊತ್ತಿನ ಪಾಲನೆಗೆ ಐದಕ್ಕೆ ಐದು ಕೊಡಬಹುದಿತ್ತು. ಫಲಿತಾಂಶದ ಅಂಕಣದಲ್ಲಿ ತಾನು ಅರಿಯದ ಅಂಕಿಗೆ ಅರ್ಥ ಹಚ್ಚಿ ಹೇಳುವುದಕ್ಕೆ ಒಂದು ಅಂಕ ಕಳೆದಿದ್ದೇನೆ. 1 ಬಂತು ಎಂದಷ್ಟೇ ಹೇಳಿದ್ದರೆ ನಾನು ಅದರ ಅರ್ಥ ಹುಡುಕಿಕೊಂಡು ಹೋಗುತ್ತಿದ್ದೆ.

ಮಾಲೀಕರು ಕಾರ್ಬನ್ ಪ್ರತಿಗಳನ್ನು ಈಗಲೂ ಕಟ್ಟಿಡಿಸುತ್ತಾರೆ. ಅಟ್ಟದ ಸೋರಿಕೆಯನ್ನು ಆ ಮಳೆಗಾಲದಲ್ಲೇ ಮುಚ್ಚಿಸಿದರು. ಟಾಸ್ಕ್ ಶೆಡ್ಯೂಲರಿನ ನಮ್ಮ ಫೋಲ್ಡರಿನಲ್ಲಿ ವರ್ಷಕ್ಕೊಮ್ಮೆ ನಡೆಯುವ ಕೆಲಸವನ್ನು ತಿಂಗಳುಗಳಲ್ಲಿ ಏಪ್ರಿಲ್ ಒಂದನ್ನೇ ಆರಿಸಿ, ತಾರೀಕು 1 ಎಂದು ಕೊಟ್ಟು ಬರೆದಿಟ್ಟಿದ್ದೇನೆ. ಅಂದು ಬೆಳಿಗ್ಗೆ ಒಂಬತ್ತೂವರೆಗೆ ಪರದೆಯ ಮೇಲೆ ಒಂದು ಪುಟ ತೆರೆಯುತ್ತದೆ. ಅದರಲ್ಲಿ ಇರುವುದು ಇಷ್ಟೇ: 'ಹೊಸ ಲೆಕ್ಕದ ಫೋಲ್ಡರ್ ಯಾವುದು? ರಾತ್ರಿಯ ಕೆಲಸದಲ್ಲಿ ಹೆಸರು ಬದಲಾಯಿಸಿ. ನಾಳೆ ಬೆಳಿಗ್ಗೆ ನಕಲಿನ ಡಿಸ್ಕಿಗೆ ಹೋಗಿ ನೋಡಿ.' ನಾನು ರಜೆಯಲ್ಲಿದ್ದರೂ ಓದುವವರಿಗೆ ತಿಳಿಯಲಿ ಎಂದು ಅದರ ಕೆಳಗೆ ನನ್ನ ಮೊಬೈಲ್ ಸಂಖ್ಯೆಯನ್ನೂ ಬರೆದಿದ್ದೇನೆ.